ಸ್ಕಾಟ್ಲೆಂಡಿನ ನೆನಪು ಮನೆಗೆ ತರುವಾಗ

ದೂರದ ಊರಿಗೆ ಹೋದವರು ಬರಿಗೈಯಲ್ಲಿ ಮರಳಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಧಾರವಾಡಕ್ಕೆ ಹೋದವರು ಪೇಡ ತರುತ್ತಾರೆ. ಚನ್ನಪಟ್ಟಣ ದಾಟಿ ಬಂದವರು ಮಕ್ಕಳಿಗೊಂದು ಬೊಂಬೆ ತರುತ್ತಾರೆ. ಈಗ ನಮ್ಮ ನಾಡಿನ ಹುಡುಗ ಹುಡುಗಿಯರು ಎಡಿನ್‌ಬರೋ, ಗ್ಲಾಸ್ಗೋ, ಅಬರ್ಡೀನ್ ನಗರಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಅವರನ್ನು ನೋಡಿಬರಲು ತಂದೆತಾಯಿಯರೂ ಹೋಗುತ್ತಿದ್ದಾರೆ. ಮರಳುವ ವಾರ ಬಂತೆಂದರೆ ಒಂದು ಪಟ್ಟಿ ಸಿದ್ಧವಾಗುತ್ತದೆ: ಬೀಗರಿಗೆ ಏನು, ಪಕ್ಕದ ಮನೆಯವರಿಗೆ ಏನು, ಕಛೇರಿಯ ಸ್ನೇಹಿತರಿಗೆ ಏನು, ಮೊಮ್ಮಕ್ಕಳಿಗೆ ಏನು?

ಎಡಿನ್‌ಬರೋ ಕೋಟೆಯಿಂದ ಹೋಲಿರೂಡ್ ಅರಮನೆಯವರೆಗೆ ಇಳಿದುಬರುವ ರಾಯಲ್ ಮೈಲ್ ಬೀದಿಯ ಎರಡೂ ಬದಿಗೆ ಈ ಪ್ರಶ್ನೆಗೆ ಉತ್ತರ ಹೇಳುವ ಅಂಗಡಿಗಳಿವೆ. ಚೌಕುಳಿ ಶಾಲುಗಳು, ಟೋಪಿಗಳು, ಚಹಾ ಬಟ್ಟಲುಗಳು, ಬೀಗದ ಕೈಗೊಂಚಲುಗಳು ರಾಶಿ ಬಿದ್ದಿರುತ್ತವೆ. ಎಲ್ಲದರ ಮೇಲೂ ಸ್ಕಾಟ್ಲೆಂಡಿನ ಹೆಸರಿರುತ್ತದೆ. ಆದರೆ ಹೆಸರು ಇದ್ದ ಮಾತ್ರಕ್ಕೆ ವಸ್ತು ಅಲ್ಲಿನದಾಗಬೇಕಿಲ್ಲ. ಬೇರೆ ಯಾವುದೋ ದೇಶದ ಕಾರ್ಖಾನೆಯಲ್ಲಿ ತಯಾರಾಗಿ ಬಂದದ್ದೂ ಅದೇ ರಾಶಿಯಲ್ಲಿರುತ್ತದೆ.

ಹೀಗಾಗಿ ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದು ಯಾವುದರಿಂದ ಆಗಿದೆ? ಎಲ್ಲಿ ಆಗಿದೆ? ಯಾರ ಕೈಯಿಂದ ಆಗಿದೆ? ಮೂರಕ್ಕೂ ಉತ್ತರ ಸಿಕ್ಕಿದ ವಸ್ತು ಚಿಕ್ಕದಾದರೂ ಒಳ್ಳೆಯ ಉಡುಗೊರೆ. ದೂರದರ್ಶನದ ಮಾತುಕತೆಯಲ್ಲಿ ಇಂಥ ವಿಷಯಕ್ಕೆ ಸಿಗುವ ಸಮಯ ಕಡಿಮೆ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಚೌಕುಳಿಯ ಕಥೆ

ಸ್ಕಾಟ್ಲೆಂಡ್ ಎಂದೊಡನೆ ಕಣ್ಣಮುಂದೆ ಬರುವುದು ಟಾರ್ಟನ್ ಎಂಬ ಚೌಕುಳಿ ಬಟ್ಟೆ. ಇದರ ಲಕ್ಷಣ ಸರಳವಾದದ್ದು. ಹಾಸಿನಲ್ಲಿ ಬಣ್ಣದ ಎಳೆಗಳನ್ನು ಯಾವ ಕ್ರಮದಲ್ಲಿ, ಎಷ್ಟೆಷ್ಟು ಸಂಖ್ಯೆಯಲ್ಲಿ ಜೋಡಿಸುತ್ತಾರೋ, ಸಾಮಾನ್ಯವಾಗಿ ಹೊಕ್ಕಿನಲ್ಲೂ ಅದೇ ಕ್ರಮ, ಅದೇ ಸಂಖ್ಯೆ. ಬೇರೆ ಬೇರೆ ಬಣ್ಣದ ಎಳೆಗಳು ಅಡ್ಡ ಹಾಯ್ದಲ್ಲಿ ಮಿಶ್ರಛಾಯೆ ಮೂಡುತ್ತದೆ. ಎರಡು ಬಣ್ಣದ ನೂಲಿನಿಂದ ಮೂರು ಛಾಯೆ, ನಾಲ್ಕರಿಂದ ಹತ್ತು, ಆರರಿಂದ ಇಪ್ಪತ್ತೊಂದು. ಕೆಲವೇ ಬಣ್ಣಗಳಿಂದ ಅಷ್ಟು ಸಮೃದ್ಧಿ ಬರುವುದು ಹೀಗೆ.

ಚೌಕುಳಿ ನೇಯ್ಗೆ ಅಲ್ಲಿ ಬಹಳ ಹಳೆಯದು. ಫಾಲ್ಕರ್ಕ್ ಊರಿನ ಬಳಿ 1930ರ ದಶಕದಲ್ಲಿ ರೋಮನ್ ಬೆಳ್ಳಿ ನಾಣ್ಯ ತುಂಬಿದ ಮಡಕೆಯೊಂದು ಸಿಕ್ಕಿತು. ಅದರ ಬಾಯಿಗೆ ತುರುಕಿದ್ದ ಬಟ್ಟೆಯ ತುಂಡಿನಲ್ಲಿ ತಿಳಿ ಮತ್ತು ಗಾಢ ಬಣ್ಣದ ಸಹಜ ಉಣ್ಣೆಯ ಚೌಕುಳಿಯಿತ್ತು. ಕ್ರಿಸ್ತಶಕ 3ನೇ ಶತಮಾನದ ಆ ತುಂಡು ಈಗ ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಪ್ರವೇಶ ಉಚಿತ. ಕೊಳ್ಳುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿಬಂದರೆ ಕಣ್ಣು ಪಳಗುತ್ತದೆ.

ಆದರೆ ಇಂಥ ವಂಶಕ್ಕೆ ಇಂಥದೇ ಚೌಕುಳಿ ಎಂಬ ಕಟ್ಟುಪಾಡು ಅಷ್ಟು ಹಳೆಯದಲ್ಲ. 1745ರ ದಂಗೆ ಅಡಗಿದ ಮೇಲೆ ಬ್ರಿಟಿಷ್ ಸರ್ಕಾರ 1746ರ ಕಾಯ್ದೆಯಿಂದ ಗುಡ್ಡಗಾಡಿನ ಗಂಡಸರ ಈ ಉಡುಪನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1782ರಲ್ಲಿ. 1822ರಲ್ಲಿ ದೊರೆ 4ನೇ ಜಾರ್ಜ್ ಎಡಿನ್‌ಬರೋಗೆ ಭೇಟಿ ಕೊಟ್ಟಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಸ್ವಾಗತದ ಏರ್ಪಾಡು ವಹಿಸಿದ್ದರು. ಗಣ್ಯರು ಟಾರ್ಟನ್ ಧರಿಸಿ ಬಂದರು. ಬ್ಯಾನಕ್‌ಬರ್ನ್‌ನ ನೇಯ್ಗೆಯವರಿಗೆ ಕೈತುಂಬ ಬೇಡಿಕೆ ಬಂತು. ವಂಶದ ಹೆಸರಿನ ಮಾದರಿಗಳು ಬಹುಪಾಲು ಆ ಕಾಲದ ಉತ್ಸಾಹದಲ್ಲಿ ಸ್ಥಿರಗೊಂಡವು.

ಇದನ್ನು ಹೇಳುವುದು ಟಾರ್ಟನ್ನನ್ನು ಹಗುರ ಮಾಡಲಿಕ್ಕಲ್ಲ. ಇನ್ನೂರು ವರ್ಷದ ಪದ್ಧತಿಯೂ ಪದ್ಧತಿಯೇ. ಆದರೆ 'ನಮ್ಮ ಮನೆತನಕ್ಕೆ ಟಾರ್ಟನ್ ಇಲ್ಲವಲ್ಲ, ನಾವು ಹಾಕಿಕೊಳ್ಳಬಹುದೇ?' ಎಂಬ ಸಂಕೋಚ ನಿಮಗೆ ಬೇಕಿಲ್ಲ. ರಾಜಮನೆತನಕ್ಕೆ ಮೀಸಲಾದ ಬಾಲ್ಮೋರಲ್ ಮುಂತಾದ ಕೆಲವನ್ನು ಬಿಟ್ಟರೆ ಯಾರು ಯಾವುದನ್ನಾದರೂ ಧರಿಸಬಹುದು. ಊರು, ಜಿಲ್ಲೆ, ಸಂಸ್ಥೆಗಳ ಹೆಸರಿನ ಟಾರ್ಟನ್‌ಗಳೂ ಇವೆ. 2008ರ ಕಾಯ್ದೆಯಂತೆ ಸರ್ಕಾರವೇ ಟಾರ್ಟನ್‌ಗಳ ಅಧಿಕೃತ ದಾಖಲೆ ಇಟ್ಟಿದೆ. ಮಗ ಅಥವಾ ಮಗಳು ಇರುವ ಊರಿನ ಟಾರ್ಟನ್ ಆರಿಸಿದರೆ ಅದಕ್ಕೊಂದು ಅರ್ಥವೂ ಬರುತ್ತದೆ.

ಚೀಟಿಯನ್ನು ಓದಿ

ಶಾಲು ಕೈಗೆತ್ತಿಕೊಂಡಾಗ ಮೊದಲು ಹಿಂಬದಿ ನೋಡಿ. ನೇಯ್ದ ಟಾರ್ಟನ್ ಎರಡೂ ಬದಿಗೆ ಒಂದೇ ರೀತಿ ಕಾಣುತ್ತದೆ. ಹಿಂಬದಿ ಮಸುಕಾಗಿದ್ದರೆ ಅದು ಅಚ್ಚು ಹಾಕಿದ್ದು. ಅನಂತರ ಒಳಗೆ ಹೊಲಿದ ಚೀಟಿ ಓದಿ. ಬಟ್ಟೆ ಯಾವ ನಾರಿನದು, ಶೇಕಡಾ ಎಷ್ಟು ಎಂಬುದನ್ನು ಬ್ರಿಟನ್ನಿನ ಕಾನೂನಿನ ಪ್ರಕಾರ ತಿಳಿಸಲೇಬೇಕು. ಆದರೆ ಎಲ್ಲಿ ತಯಾರಾಯಿತು ಎಂದು ತಿಳಿಸುವ ಕಡ್ಡಾಯ ಸಾಮಾನ್ಯವಾಗಿ ಇಲ್ಲ. ಈ ವ್ಯತ್ಯಾಸವನ್ನು ನೆನಪಿಡಿ. 'ಸ್ಕಾಟ್ಲೆಂಡಿನಲ್ಲಿ ವಿನ್ಯಾಸಗೊಂಡದ್ದು' ಎಂಬುದು ಬೇರೆ, 'ಸ್ಕಾಟ್ಲೆಂಡಿನಲ್ಲಿ ನೇಯ್ದದ್ದು' ಎಂಬುದು ಬೇರೆ. ನೇಯ್ದವರು ಅದನ್ನು ಮುಚ್ಚಿಡುವುದಿಲ್ಲ. ಚೀಟಿ ಮೌನವಾಗಿದ್ದರೆ ಅಂಗಡಿಯವರನ್ನು ಕೇಳಿ.

ಚೀಟಿಯಲ್ಲಿ ಅಕ್ರಿಲಿಕ್ ಎಂದಿದ್ದರೆ ಅದು ಪೆಟ್ರೋಲಿಯಂ ಮೂಲದ ಕೃತಕ ನಾರು. ಮುಟ್ಟಲು ಮೃದು, ಬೆಲೆ ಕಡಿಮೆ. ಕೆಡುಕೇನಿಲ್ಲ, ಆದರೆ ಅದು ಉಣ್ಣೆಯಲ್ಲ. ಸಂಶಯವಿದ್ದರೆ ಮನೆಯಲ್ಲಿ ಅಂಚಿನ ಒಂದೇ ಎಳೆ ತೆಗೆದು, ಚಿಮಟದಲ್ಲಿ ಹಿಡಿದು ಜ್ವಾಲೆಗೆ ತೋರಿಸಿ. ರೇಷ್ಮೆ ಸೀರೆಗೆ ನಮ್ಮಲ್ಲಿ ಮಾಡುವ ಪರೀಕ್ಷೆಯೇ ಇದು. ಉಣ್ಣೆಯೂ ಕೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಆದ್ದರಿಂದ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಕ್ಯಾಶ್ಮೀರ್ ಎಂಬ ಮೃದು ಉಣ್ಣೆಯ ಬಗೆಗೂ ಒಂದು ಮಾತು. ಹೆಸರು ನಮ್ಮ ಕಾಶ್ಮೀರದ್ದು. ಸ್ಕಾಟ್ಲೆಂಡಿನ ಗಿರಣಿಗಳಿಗೆ ಆ ಮೇಕೆಯ ಒಳಗೂದಲು ಮುಖ್ಯವಾಗಿ ಚೀನಾ ಮತ್ತು ಮಂಗೋಲಿಯಾದಿಂದ ಬರುತ್ತದೆ. ಅಲ್ಲಿನ ವಿಶೇಷ ಇರುವುದು ನೂಲುವ, ನೇಯುವ, ಹದಗೊಳಿಸುವ ಕೌಶಲದಲ್ಲಿ. 1797ರಲ್ಲಿ ಆರಂಭವಾದ ಎಲ್ಗಿನ್ ಊರಿನ ಜಾನ್‌ಸ್ಟನ್ಸ್ ಗಿರಣಿ ಇದಕ್ಕೆ ಹೆಸರಾದದ್ದು. ಇದರಂತೆಯೇ ನಮ್ಮ ಸೀರೆಗಳಲ್ಲಿ ಕಾಣುವ ಮಾವಿನಕಾಯಿ ವಿನ್ಯಾಸವನ್ನು ಜಗತ್ತು 'ಪೇಸ್ಲಿ' ಎಂದು ಕರೆಯುತ್ತದೆ. ಪೇಸ್ಲಿ ಗ್ಲಾಸ್ಗೋ ಪಕ್ಕದ ಊರು. 19ನೇ ಶತಮಾನದಲ್ಲಿ ಅಲ್ಲಿನ ನೇಕಾರರು ಕಾಶ್ಮೀರಿ ಶಾಲನ್ನು ಅನುಕರಿಸಿ ಅಗ್ಗದಲ್ಲಿ ನೇಯ್ದರು, ವಿನ್ಯಾಸಕ್ಕೆ ಊರಿನ ಹೆಸರೇ ನಿಂತುಬಿಟ್ಟಿತು. ನಕಲು ಇಂದಿನ ಕಾಯಿಲೆ ಮಾತ್ರವಲ್ಲ ಎಂಬುದಕ್ಕೆ ಇದು ಸಾಕ್ಷಿ.

ಗೋಳದ ಮುದ್ರೆಯ ಬಟ್ಟೆ

ಮೂರು ಪ್ರಶ್ನೆಗಳಿಗೂ ಕಾನೂನೇ ಉತ್ತರ ಹೇಳುವ ಬಟ್ಟೆಯೊಂದಿದೆ. ಅದು ಹ್ಯಾರಿಸ್ ಟ್ವೀಡ್. ಸ್ಕಾಟ್ಲೆಂಡಿನ ವಾಯವ್ಯ ಕಡಲಲ್ಲಿ ಹೊರ ಹೆಬ್ರಿಡೀಸ್ ಎಂಬ ದ್ವೀಪಮಾಲೆಯಿದೆ. ಲೂಯಿಸ್, ಹ್ಯಾರಿಸ್, ಯೂಯಿಸ್ಟ್, ಬಾರಾ ಅದರಲ್ಲಿ ಮುಖ್ಯವಾದವು. ಈ ಬಟ್ಟೆಯ ಹೆಸರಿಗೆ ಬೆಲೆ ಬಂದಾಗ ನಕಲುಗಳು ಹುಟ್ಟಿಕೊಂಡವು. ದ್ವೀಪದವರು ಒಟ್ಟಾಗಿ ಗೋಳ ಮತ್ತು ಅದರ ಮೇಲೆ ಶಿಲುಬೆಯ ಮುದ್ರೆಯನ್ನು ನೋಂದಾಯಿಸಿದರು. 1911ರಿಂದ ಅದನ್ನು ಬಟ್ಟೆಯ ಮೇಲೆ ಒತ್ತಲಾಗುತ್ತಿದೆ. 1993ರಲ್ಲಿ ಬ್ರಿಟನ್ನಿನ ಸಂಸತ್ತು ಇದಕ್ಕೆಂದೇ ಕಾಯ್ದೆ ಮಾಡಿತು. ಅದರಂತೆ ಹ್ಯಾರಿಸ್ ಟ್ವೀಡ್ ಎನ್ನಿಸಿಕೊಳ್ಳಲು ಶುದ್ಧ ಹೊಸ ಉಣ್ಣೆ ಬೇಕು. ಅದಕ್ಕೆ ಬಣ್ಣ ಹಾಕುವುದು, ನೂಲುವುದು, ಕೊನೆಯ ಹದ ಕೊಡುವುದು ಹೊರ ಹೆಬ್ರಿಡೀಸಿನಲ್ಲೇ ಆಗಬೇಕು. ನೇಯ್ಗೆಯನ್ನು ದ್ವೀಪದವರು ತಮ್ಮ ಮನೆಗಳಲ್ಲಿ ಕೈಮಗ್ಗದಲ್ಲೇ ಮಾಡಬೇಕು. ಮಗ್ಗ ಓಡುವುದು ಕಾಲಿನಿಂದ ತುಳಿದು, ವಿದ್ಯುತ್ತಿನಿಂದಲ್ಲ.

ಈ ಬಟ್ಟೆಯನ್ನು ಹತ್ತಿರದಿಂದ ನೋಡಿ. ಕಂದು ಎಂದುಕೊಂಡ ನೂಲಿನಲ್ಲಿ ಹಸಿರು, ಕಿತ್ತಳೆ, ನೀಲಿಯ ಕಣಗಳು ಕಾಣುತ್ತವೆ. ನೂಲುವ ಮೊದಲೇ ಉಣ್ಣೆಗೆ ಬೇರೆ ಬೇರೆ ಬಣ್ಣ ಹಾಕಿ, ಅಳತೆಯಂತೆ ಬೆರೆಸಿ, ಆಮೇಲೆ ನೂಲುವುದರಿಂದ ಹೀಗಾಗುತ್ತದೆ. ಹಿಂದೆ ಬಂಡೆಗಳ ಮೇಲಿನ ಕಲ್ಲುಹೂವಿನಿಂದ ಕೆಂಗಂದು ಬಣ್ಣ ತೆಗೆಯುತ್ತಿದ್ದರು. ಅದು ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಕುಟುಂಬಕ್ಕೇ ಸೇರಿದ್ದು. ಮುಟ್ಟಿದರೆ ಬಟ್ಟೆ ಒರಟು, ನಮ್ಮ ಕುರುಬರ ಕಂಬಳಿಯ ನೆನಪು ತರುತ್ತದೆ. ಅಂದಹಾಗೆ ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಮೋಜಣಿ ನಡೆಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಈ ಲೂಯಿಸ್ ದ್ವೀಪದ ಸ್ಟಾರ್ನೋವೇ ಊರಿನಲ್ಲೇ.

ಟ್ವೀಡ್ ಕೋಟು ಬೆಂಗಳೂರಿನ ಹವೆಗೆ ಹೆಚ್ಚಾಯಿತು, ಮಂಗಳೂರಿಗಂತೂ ಸಲ್ಲದು. ಬೆಲೆಯೂ ಹೆಚ್ಚು. ಆದರೆ ಅದೇ ಬಟ್ಟೆಯ ಚಿಲ್ಲರೆ ಹಣದ ಚೀಲ, ಕನ್ನಡಕದ ಚೀಲ, ಪುಸ್ತಕದ ಗುರುತುಪಟ್ಟಿ ಸಿಗುತ್ತವೆ. ಹಗುರ, ಒಡೆಯುವುದಿಲ್ಲ, ದಿನವೂ ಬಳಕೆಗೆ ಬರುತ್ತದೆ. ಒಳಗೆ ಗೋಳದ ಮುದ್ರೆಯ ಚೀಟಿ ಇರಬೇಕು, ಅದರ ಮೇಲೆ ಸಂಖ್ಯೆಯೂ ಇರುತ್ತದೆ. ಒಂದು ಎಚ್ಚರಿಕೆ: ಆ ಚೀಟಿ ಬಟ್ಟೆಗೆ ಮಾತ್ರ ಸಾಕ್ಷಿ. ಚೀಲವನ್ನು ಹೊಲಿದದ್ದು ಬೇರೆ ದೇಶದಲ್ಲಿರಬಹುದು. ದ್ವೀಪದಲ್ಲಿ ಅಥವಾ ಸ್ಕಾಟ್ಲೆಂಡಿನಲ್ಲಿ ಹೊಲಿದದ್ದೇ ಬೇಕಿದ್ದರೆ ಅದನ್ನೂ ಕೇಳಿ.

ಹೆಣಿಗೆ ಇಷ್ಟಪಡುವವರಿಗೆ ಇನ್ನೂ ಉತ್ತರದ ಶೆಟ್ಲೆಂಡ್ ದ್ವೀಪಗಳಿವೆ. ಅಲ್ಲಿನ ಫೇರ್ ಐಲ್ ಹೆಣಿಗೆಯಲ್ಲಿ ಒಂದು ಸಾಲಿಗೆ ಎರಡೇ ಬಣ್ಣದ ನೂಲು. ಬಳಸದ ನೂಲು ಹಿಂಬದಿಯಲ್ಲಿ ಎಳೆಯಾಗಿ ಸಾಗುತ್ತದೆ. ಹೀಗೆ ಎರಡು ಪದರವಾಗುವುದರಿಂದಲೇ ಅದು ಹೆಚ್ಚು ಬೆಚ್ಚಗೆ. ಅಲ್ಲಿಯ ಜಾಲರಿ ಶಾಲು ಎಷ್ಟು ನವುರೆಂದರೆ ಅತಿ ಸೂಕ್ಷ್ಮವಾದದ್ದನ್ನು ಮದುವೆಯ ಉಂಗುರದೊಳಗಿಂದ ಎಳೆದು ತೆಗೆಯಬಹುದು.

ಬೆಳ್ಳಿ ಮತ್ತು ಕಲ್ಲು

ಹತ್ತಿರದ ಬಂಧುಗಳಿಗೆ ಬೆಳ್ಳಿಯ ವಸ್ತು ತರುವುದಾದರೆ ಲಕನ್‌ಬೂತ್ ಎಂಬ ಹೃದಯಾಕಾರದ ಬ್ರೂಚ್ ನೋಡಿ. ರಾಯಲ್ ಮೈಲ್‌ನ ಸೇಂಟ್ ಜೈಲ್ಸ್ ಚರ್ಚಿನ ಮಗ್ಗುಲಲ್ಲಿ ಬೀಗ ಹಾಕಬಹುದಾದ ಮಳಿಗೆಗಳ ಸಾಲಿತ್ತು. ಅಲ್ಲಿ ಅಕ್ಕಸಾಲಿಗರು ಕೂರುತ್ತಿದ್ದರು. ಬ್ರೂಚಿನ ಹೆಸರು ಆ ಮಳಿಗೆಗಳದ್ದು. ಮದುವೆಯಾಗುವ ಹುಡುಗಿಗೆ ಇದನ್ನು ಕೊಡುತ್ತಿದ್ದರು. ಕೂಸಿನ ಹೊದಿಕೆಗೂ ಕೆಟ್ಟ ದೃಷ್ಟಿ ತಾಗದಿರಲೆಂದು ಚುಚ್ಚುತ್ತಿದ್ದರು. ಸೀರೆಯ ಸೆರಗಿಗೆ ಇದು ಚೆನ್ನಾಗಿ ಒಪ್ಪುತ್ತದೆ.

ಬೆಳ್ಳಿಯಲ್ಲಿ 925 ಎಂಬ ಅಂಕಿ ನೋಡಿ. ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ ಎಂದರ್ಥ. ಜೊತೆಗೆ ಮೂರು ಗೋಪುರದ ಕೋಟೆಯ ಗುರುತು ಇದ್ದರೆ ಅದನ್ನು ಎಡಿನ್‌ಬರೋದ ಪರೀಕ್ಷಾ ಕಚೇರಿಯಲ್ಲಿ ಪರೀಕ್ಷಿಸಲಾಗಿದೆ. ಒಂದು ಗಮನಿಸಿ: 7.78 ಗ್ರಾಂಗಿಂತ ಕಡಿಮೆ ತೂಕದ ಬೆಳ್ಳಿಗೆ ಈ ಮುದ್ರೆ ಕಡ್ಡಾಯವಲ್ಲ. ಚಿಕ್ಕ ಓಲೆಯಲ್ಲಿ ಮುದ್ರೆ ಕಾಣದಿದ್ದರೆ ಅದು ನಕಲಿ ಎಂದು ತೀರ್ಮಾನಿಸಬೇಡಿ. ಮುದ್ರೆ ಇದ್ದಲ್ಲಿಯೂ ಅದು ಲೋಹದ ಶುದ್ಧತೆಗೆ ಸಾಕ್ಷಿಯೇ ಹೊರತು ಒಡವೆ ಎಲ್ಲಿ ತಯಾರಾಯಿತು ಎಂಬುದಕ್ಕಲ್ಲ.

ಕೇರ್ನ್‌ಗಾರ್ಮ್ ಎಂಬ ಹೊಗೆಬಣ್ಣದ ಕಲ್ಲನ್ನೂ ತೋರಿಸುತ್ತಾರೆ. ಇದು ಸ್ಫಟಿಕದ ಒಂದು ಬಗೆ. ಸ್ಫಟಿಕದಲ್ಲಿ ಅಲ್ಪ ಪ್ರಮಾಣದ ಅಲ್ಯೂಮಿನಿಯಂ ಸೇರಿರುತ್ತದೆ. ಸುತ್ತಲ ಬಂಡೆಯ ಸಹಜ ವಿಕಿರಣ ಲಕ್ಷಾಂತರ ವರ್ಷ ತಾಗಿ ಈ ಬಣ್ಣ ಬರುತ್ತದೆ. ಹೆಸರು ಸ್ಕಾಟ್ಲೆಂಡಿನ ಬೆಟ್ಟದ್ದು. ಆದರೆ ಅಲ್ಲಿನ ಕಲ್ಲು ಈಗ ಅಪರೂಪ, ಮಾರುಕಟ್ಟೆಯಲ್ಲಿರುವುದು ಬಹುಪಾಲು ಬ್ರೆಜಿಲ್ ಮುಂತಾದ ಕಡೆಯದು. ಕಲ್ಲಿನ ಚೆಲುವಿಗೆ ಕೊಳ್ಳಿ, ಊರಿನ ಹೆಸರಿಗೆ ಹೆಚ್ಚು ಹಣ ಕೊಡಬೇಡಿ.

ಮನೆಗೆಲ್ಲ ಸೇರಿ ಒಂದೇ ವಸ್ತು ಎಂದರೆ ಕ್ವೇಖ್ ಎಂಬ ಬಟ್ಟಲು ಚೆನ್ನ. ಎರಡು ಹಿಡಿಕೆಯ, ಆಳವಿಲ್ಲದ ಪಾನಪಾತ್ರೆ ಇದು. ಹಿಂದೆ ಮರದಿಂದ ಮಾಡುತ್ತಿದ್ದರು, ಈಗ ತವರ ಮಿಶ್ರಲೋಹದಲ್ಲೂ ಬೆಳ್ಳಿಯಲ್ಲೂ ಸಿಗುತ್ತದೆ. ಅತಿಥಿಗೆ ಎರಡೂ ಕೈಯಿಂದ ಕೊಟ್ಟು, ಎರಡೂ ಕೈಯಿಂದ ತೆಗೆದುಕೊಳ್ಳುವ ಪಾತ್ರೆಯಾದ್ದರಿಂದ ಸ್ನೇಹದ ಬಟ್ಟಲು ಎಂದೇ ಹೆಸರು. ನಮ್ಮ ಮನೆಯಲ್ಲಿ ಅದರಲ್ಲಿ ಕಲ್ಲುಸಕ್ಕರೆ, ಬಾದಾಮಿ ಇಟ್ಟು ಬಂದವರ ಮುಂದೆ ಹಿಡಿಯಬಹುದು.

ಬಾಯಿಗೆ ಸಿಹಿ

ಹತ್ತಾರು ಮಂದಿಗೆ ಹಂಚಲು ತಿಂಡಿಯೇ ಅನುಕೂಲ. ಶಾರ್ಟ್‌ಬ್ರೆಡ್ ಎಂಬ ಬೆಣ್ಣೆ ಬಿಸ್ಕತ್ತಿಗೆ ಮೂಲತಃ ಮೂರೇ ಪದಾರ್ಥ: ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು. ಮೊಟ್ಟೆಯಿಲ್ಲ. ಬೆಣ್ಣೆ ಹಿಟ್ಟಿನ ಕಣಗಳನ್ನು ಆವರಿಸಿ ಗ್ಲೂಟೆನ್ ಎಂಬ ಜಿಗುಟು ಕಟ್ಟದಂತೆ ತಡೆಯುತ್ತದೆ, ಆದ್ದರಿಂದ ಬಾಯಲ್ಲಿಟ್ಟರೆ ಉದುರುತ್ತದೆ. ಶಂಕರಪೋಳಿಯ ಹಿಟ್ಟಿಗೆ ಕಾಸಿದ ತುಪ್ಪ ಬೆರೆಸುವವರಿಗೆ ಈ ಗುಟ್ಟು ಗೊತ್ತೇ ಇದೆ. ಡಬ್ಬಿಯ ಮೇಲಿನ ಚಿತ್ರಕ್ಕಿಂತ ಪದಾರ್ಥಗಳ ಪಟ್ಟಿ ಮುಖ್ಯ. ಬೆಣ್ಣೆಯ ಬದಲು ಬೇರೆ ಕೊಬ್ಬು ಇದ್ದರೆ ಬಿಡಿ.

ಟ್ಯಾಬ್ಲೆಟ್ ಎಂದರೆ ಅಲ್ಲಿ ಮಾತ್ರೆಯಲ್ಲ, ಒಂದು ಮಿಠಾಯಿ. ಸಕ್ಕರೆ, ಬೆಣ್ಣೆ, ಗಟ್ಟಿ ಹಾಲು ಕುದಿಸಿ, ಪಾಕ ಬಂದ ಮೇಲೆ ಇಳಿಸಿ ಚೆನ್ನಾಗಿ ತಿರುವುತ್ತಾರೆ. ತಿರುವಿದಂತೆ ಸಕ್ಕರೆ ಸಣ್ಣ ಹರಳುಗಟ್ಟುತ್ತದೆ. ಕೊಬ್ಬರಿ ಮಿಠಾಯಿಯಂತೆ ನುಣುಪು ತರಿ. ಡಂಡೀ ಊರಿನ ಹೆಸರಿಗೆ ಅಂಟಿಕೊಂಡ ಕಿತ್ತಳೆ ಮಾರ್ಮಲೇಡ್ ಸ್ವಲ್ಪ ಕಹಿ ಇಷ್ಟಪಡುವ ಹಿರಿಯರಿಗೆ ಹಿಡಿಸುತ್ತದೆ. ಇದನ್ನು ವಿಮಾನದಲ್ಲಿ ಕೈಚೀಲದಲ್ಲಿ ಇಡಬೇಡಿ, ಭದ್ರತಾ ತಪಾಸಣೆಯವರು ದ್ರವವೆಂದೇ ಎಣಿಸುತ್ತಾರೆ.

ಸಸ್ಯಾಹಾರಿಗಳು ಓಟ್ಸ್ ಬಿಸ್ಕತ್ತಿನ ಪಟ್ಟಿಯನ್ನೂ ಓದಿ, ಕೆಲವದರಲ್ಲಿ ಪ್ರಾಣಿಯ ಕೊಬ್ಬು ಇರುತ್ತದೆ. ಕುರಿಯ ಒಳಾಂಗಗಳಿಂದ ಮಾಡುವ ಹ್ಯಾಗಿಸ್ ಅಲ್ಲಿಯೇ ತಿನ್ನುವ ಪದಾರ್ಥ. ಮಾಂಸ, ಗಿಡ, ಬೀಜಗಳನ್ನು ನಮ್ಮ ದೇಶಕ್ಕೆ ತರಲು ನಿರ್ಬಂಧಗಳಿವೆ.

ಸ್ಕಾಚ್ ವಿಸ್ಕಿ ಎಲ್ಲರ ಮನೆಗೂ ಸಲ್ಲುವ ಉಡುಗೊರೆಯಲ್ಲ. ಬೇಕಾದವರಿಗೆ ಇಷ್ಟು ತಿಳಿದಿರಲಿ: ಸ್ಕಾಟ್ಲೆಂಡಿನಲ್ಲೇ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ಅಲ್ಲಿಯೇ ಕನಿಷ್ಠ ಮೂರು ವರ್ಷ ಇಟ್ಟದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾಗಿ ಹೋಗುತ್ತದೆ, ಅದನ್ನು ಅಲ್ಲಿಯವರು ದೇವದೂತರ ಪಾಲು ಎನ್ನುತ್ತಾರೆ.

ಮಕ್ಕಳಿಗೆ

ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಬೆಳಕಿಗೆ ಬಂದ ಚದುರಂಗದ ಕಾಯಿಗಳು ಪ್ರಸಿದ್ಧವಾದವು. 12ನೇ ಶತಮಾನದವು, ವಾಲ್‌ರಸ್ ದಂತದಲ್ಲಿ ಕೆತ್ತಿದವು, ಬಹುಶಃ ನಾರ್ವೆಯಲ್ಲಿ ಆದವು. ಒಟ್ಟು 93 ವಸ್ತುಗಳಲ್ಲಿ 11 ಎಡಿನ್‌ಬರೋ ಸಂಗ್ರಹಾಲಯದಲ್ಲಿವೆ, ಉಳಿದವು ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿವೆ. ಬಿಟ್ಟಗಣ್ಣಿನ ರಾಜ, ಕೆನ್ನೆಗೆ ಕೈಕೊಟ್ಟು ಕುಳಿತ ರಾಣಿ ಮಕ್ಕಳಿಗೆ ಬಹಳ ಇಷ್ಟವಾಗುತ್ತವೆ. ಸಂಗ್ರಹಾಲಯದ ಅಂಗಡಿಗಳಲ್ಲಿ ಪ್ರತಿಕೃತಿಗಳು ಸಿಗುತ್ತವೆ. ಪ್ರತಿಕೃತಿ ಎಂದು ಹೇಳಿಯೇ ಮಾರುವುದು ನಕಲಿಯಲ್ಲ. ಭಾರತದಲ್ಲಿ ಹುಟ್ಟಿದ ಆಟ ಎಷ್ಟು ದೂರ ಹೋಗಿತ್ತು ಎಂದು ಹೇಳಲು ಅಜ್ಜ ಅಜ್ಜಿಯರಿಗೆ ಒಂದು ನೆಪವೂ ಆಯಿತು.

ಹೊರಡುವ ಮುನ್ನ

ಅಂಗಡಿಯಲ್ಲಿ ಕೊಟ್ಟ ವ್ಯಾಟ್ ತೆರಿಗೆಯನ್ನು ವಿಮಾನ ನಿಲ್ದಾಣದಲ್ಲಿ ಹಿಂದೆ ಪಡೆಯಬಹುದು ಎಂದು ಹಿಂದೆ ಹೋಗಿಬಂದವರು ಹೇಳಿಯಾರು. ಸ್ಕಾಟ್ಲೆಂಡ್ ಸೇರಿ ಗ್ರೇಟ್ ಬ್ರಿಟನ್ನಿನಲ್ಲಿ ಆ ಸೌಲಭ್ಯವನ್ನು 2021ರ ಜನವರಿ 1ರಿಂದ ರದ್ದು ಮಾಡಲಾಯಿತು. ಅದನ್ನು ನಂಬಿ ಲೆಕ್ಕ ಹಾಕಬೇಡಿ. ನಮ್ಮ ಸುಂಕದ ಮಿತಿಗಳೂ ಕಾಲಕಾಲಕ್ಕೆ ಬದಲಾಗುತ್ತವೆ, ವಿಚಾರಿಸಿಕೊಳ್ಳಿ, ರಸೀದಿಗಳನ್ನು ಇಟ್ಟುಕೊಳ್ಳಿ. ಕಾಲುಚೀಲಕ್ಕೆ ಸಿಕ್ಕಿಸುವ ಸ್ಕೀನ್ ಡೂ ಎಂಬ ಪುಟ್ಟ ಚೂರಿ ಕೊಂಡರೆ ಅದು ದೊಡ್ಡ ಪೆಟ್ಟಿಗೆಯಲ್ಲೇ ಇರಲಿ. ಸ್ಕಾಟ್ಲೆಂಡಿನ ಮೂರು ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ. ನಾಣ್ಯ, ನೋಟು ಸಂಗ್ರಹಿಸುವ ಹುಡುಗರಿಗೆ ಒಂದನ್ನು ಉಳಿಸಿಕೊಳ್ಳಿ. ಉಳಿದದ್ದನ್ನು ಅಲ್ಲೇ ಖರ್ಚು ಮಾಡಿ, ಇಲ್ಲಿ ಬದಲಾಯಿಸುವುದು ಕಷ್ಟ.

ಇಷ್ಟೆಲ್ಲ ಚೀಟಿ ಓದುವ, ಪ್ರಶ್ನೆ ಕೇಳುವ ತೊಂದರೆ ಏಕೆ ಎಂದು ನೀವು ಕೇಳಬಹುದು. ಪಡೆದುಕೊಳ್ಳುವವರಿಗೆ ವ್ಯತ್ಯಾಸ ತಿಳಿಯದೆಯೂ ಹೋದೀತು. ಆದರೆ ನೇಯ್ದವರಿಗೆ ತಿಳಿಯುತ್ತದೆ. ಲೂಯಿಸ್ ದ್ವೀಪದ ನೇಕಾರ ಮನೆಯಲ್ಲಿ ಮಗ್ಗ ತುಳಿದು ನೇಯ್ದ ಬಟ್ಟೆಯ ಪಕ್ಕದಲ್ಲೇ ಅದರ ಹೆಸರಿನ ನೆರಳಲ್ಲಿ ಅಗ್ಗದ ಸರಕು ಕುಳಿತಿರುತ್ತದೆ. ನಾವು ಯಾವುದನ್ನು ಎತ್ತಿಕೊಂಡೆವು ಎಂಬುದರ ಮೇಲೆ ಆ ಮಗ್ಗ ಓಡುವುದೋ ನಿಲ್ಲುವುದೋ ನಿರ್ಧಾರವಾಗುತ್ತದೆ. ಇಳಕಲ್, ಗುಳೇದಗುಡ್ಡದ ಕೈಮಗ್ಗದವರಿಗೆ ವಿದ್ಯುತ್ ಮಗ್ಗದ ನಕಲಿನಿಂದ ಆಗುತ್ತಿರುವುದೂ ಇದೇ. ಅವರ ರಕ್ಷಣೆಗೆಂದು ನಮ್ಮಲ್ಲಿ 1985ರಲ್ಲಿ ಕಾಯ್ದೆ ಬಂತು, ಅಲ್ಲಿ 1993ರಲ್ಲಿ ಬಂತು. ಕಾಯ್ದೆಗೆ ಬಲ ಬರುವುದು ಕೊಳ್ಳುವವರು ಕೇಳಿದಾಗ.

ಪಟ್ಟಿಯಲ್ಲಿ ಹತ್ತು ಹೆಸರಿದ್ದರೆ ಎಂಟು ಮಂದಿಗೆ ಶಾರ್ಟ್‌ಬ್ರೆಡ್ ಸಾಕು, ಯಾರೂ ಬೇಸರಪಡುವುದಿಲ್ಲ. ಉಳಿದ ಇಬ್ಬರಿಗೆ ಗೋಳದ ಮುದ್ರೆಯ ಪುಟ್ಟ ಚೀಲ ತನ್ನಿ. ಕೊಡುವಾಗ ಅದರ ಉಣ್ಣೆಗೆ ಬಣ್ಣ ಹಾಕಿದ್ದು ಎಲ್ಲಿ, ನೇಯ್ದದ್ದು ಯಾರು ಎಂದು ಎರಡು ಮಾತು ಹೇಳಿ. ಆ ಎರಡು ಮಾತು ಹೇಳಲು ಬರುವ ವಸ್ತುವನ್ನೇ ಅಂಗಡಿಯಲ್ಲಿ ಆರಿಸಿಕೊಳ್ಳಿ.